ಬೆನ್ನಿಗೆ ಯಾವ ಮರ, ಬೆರಳಿಗೆ ಯಾವ ಮರ: ವಾದ್ಯಕ್ಕೆ ಅಪರೂಪದ ಮರ ಆರಿಸುವವರಿಗೊಂದು ಹೋಲಿಕೆ

ವಾದ್ಯಕ್ಕೆ ಮರ ಆರಿಸುವಾಗ ‘ಯಾವ ಮರದ ನಾದ ಚೆನ್ನ?’ ಎಂದು ಕೇಳುವುದು ರೂಢಿ. ಉತ್ತರ ಹೇಳಲು ಹತ್ತು ಜನ ಸಿದ್ಧರಿರುತ್ತಾರೆ, ಹತ್ತೂ ಉತ್ತರ ಬೇರೆಬೇರೆ ಇರುತ್ತವೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಇನ್ನೊಂದು: ಈ ಮರ ವಾದ್ಯದ ಯಾವ ಭಾಗಕ್ಕೆ ಹೋಗುತ್ತದೆ? ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ಮರಿಂಬಾದಲ್ಲಿ ಮರವೇ ಹಾಡುತ್ತದೆ. ಪಿಟೀಲಿನ ಕಮಾನಿನಲ್ಲಿ ಅದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಕ್ಲಾರಿನೆಟ್ಟಿನಲ್ಲಿ ಗಾಳಿಗೆ ಗೋಡೆಯಾಗಿ ನಿಲ್ಲುತ್ತದೆ. ಗಿಟಾರಿನ ಬೆನ್ನಿನಲ್ಲಿ ಅದರ ದೊಡ್ಡ ಕೆಲಸ, ಒಪ್ಪಿಕೊಳ್ಳಲು ಎಷ್ಟೇ ಕಷ್ಟವಾದರೂ, ಚೆಂದ ಕಾಣುವುದು.

ಚೆಂದ ಕಾಣುವುದು ಸಣ್ಣ ಮಾತೇನಲ್ಲ. ಕೈಗೆತ್ತಿಕೊಳ್ಳಬೇಕು ಅನ್ನಿಸುವ ವಾದ್ಯವನ್ನು ನಾವು ಹೆಚ್ಚು ನುಡಿಸುತ್ತೇವೆ, ಹೆಚ್ಚು ನುಡಿಸಿದರೆ ಚೆನ್ನಾಗಿ ನುಡಿಸುತ್ತೇವೆ. ಆದರೆ ಕಣ್ಣಿಗೆ ಕೊಡುವ ಹಣವನ್ನು ಕಿವಿಯ ಲೆಕ್ಕಕ್ಕೆ ಬರೆದುಕೊಂಡರೆ ಆಯ್ಕೆ ಎಡವುತ್ತದೆ. ಆದ್ದರಿಂದ ಇಲ್ಲಿ ಮರಗಳನ್ನು ಅಂದದ ಶ್ರೇಣಿಯಲ್ಲಿ ಜೋಡಿಸಿಲ್ಲ. ವಾದ್ಯದ ಭಾಗಗಳನ್ನು ಹಿಡಿದು ಹೋಲಿಸಿದ್ದೇನೆ.

ಬೆನ್ನು ಮತ್ತು ಪಕ್ಕ: ಅಂದ ನೆಲೆಸಿರುವ ಜಾಗ

ಗಿಟಾರಿನ ದನಿಯಲ್ಲಿ ಸಿಂಹಪಾಲು ಮೇಲಿನ ಹಲಗೆಯದು. ಅಲ್ಲಿ ಹಗುರವೂ ಗಡಸೂ ಆದ ಮರ ಬೇಕು, ಅದಕ್ಕೇ ಸ್ಪ್ರೂಸ್. ಸಿಟ್ಕಾ ಸ್ಪ್ರೂಸ್ ಒಂದು ಘನ ಮೀಟರಿಗೆ ಸುಮಾರು 425 ಕಿಲೋ ತೂಗುತ್ತದೆ. ಅಷ್ಟು ಹಗುರವಾದರೂ ಅದರ ಎಳೆಯುದ್ದಕ್ಕೆ ಸದ್ದು ಸೆಕೆಂಡಿಗೆ 5000 ಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತದೆ. ನೋಡಲು ಸಪ್ಪೆ, ಕೆನೆ ಬಣ್ಣದ ಸಾದಾ ಮರ. ಲೋಕದ ಅತಿ ದುಬಾರಿ ಪಿಟೀಲುಗಳ ಮೇಲ್ಹಲಗೆ ಯುರೋಪಿನ ಸ್ಪ್ರೂಸ್, ಬೆನ್ನು ಯುರೋಪಿನ ಮೇಪಲ್. ಎರಡೂ ಅಪರೂಪದವಲ್ಲ.

ಬೆನ್ನಿನ ಮರಕ್ಕೆ ಎಷ್ಟು ಪಾಲು? ಇಂದಿನ ಕ್ಲಾಸಿಕಲ್ ಗಿಟಾರಿಗೆ ಆಕಾರ ಕೊಟ್ಟ ಸ್ಪೇನಿನ ಆಂಟೋನಿಯೊ ದೆ ತೋರೆಸ್ 1862ರಲ್ಲೇ ಇದಕ್ಕೊಂದು ಉತ್ತರ ಮಾಡಿಟ್ಟ. ಸ್ಪ್ರೂಸ್ ಮೇಲ್ಹಲಗೆಗೆ ಕಾಗದದ ರಟ್ಟಿನಿಂದ ಮಾಡಿದ ಬೆನ್ನು ಮತ್ತು ಪಕ್ಕಗಳನ್ನು ಜೋಡಿಸಿದ. ಆ ಗಿಟಾರು ಇಂದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. 2018ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದೇ ವಿನ್ಯಾಸದ ಆರು ಉಕ್ಕಿನ ತಂತಿಯ ಗಿಟಾರುಗಳು, ಬೆನ್ನು ಮತ್ತು ಪಕ್ಕಗಳಲ್ಲಿ ಮಾತ್ರ ವ್ಯತ್ಯಾಸ: ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. ಮರ ಯಾವುದೆಂದು ಕಾಣದಂತೆ ಮಾಡಿ 52 ವಾದಕರಿಂದ ನುಡಿಸಿದರು. ಆರಕ್ಕೂ ಬಂದ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ದುಬಾರಿಯದಕ್ಕೂ ಅಗ್ಗದ್ದಕ್ಕೂ ಹೆಚ್ಚುಕಡಿಮೆ ಒಂದೇ ಮರ್ಯಾದೆ ಸಿಕ್ಕಿತು.

ಹಾಗೆಂದು ಬೆನ್ನಿಗೆ ಯಾವ ಮರವಾದರೂ ನಡೆದೀತು ಎಂದಲ್ಲ. ಬೆನ್ನಿನ ಮರ ಬಾಗಬೇಕು, ಅಂಟಿಗೆ ಒಗ್ಗಬೇಕು, ವರ್ಷಗಟ್ಟಲೆ ಹವೆಯ ಏರುಪೇರು ತಡೆದು ಸೀಳದೆ ಉಳಿಯಬೇಕು. ಹೋಲಿಕೆ ನಡೆಯಬೇಕಾದ್ದು ಈ ಗುಣಗಳ ಮೇಲೆ. ಅಂದ ಅದರ ಜೊತೆಗೆ ಬರುತ್ತದೆ.

ಬ್ರೆಜಿಲ್ ರೋಸ್‌ವುಡ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಮಿಕ್ಕವನ್ನೆಲ್ಲ ಜನ ಅದಕ್ಕೇ ಹೋಲಿಸುತ್ತಾರೆ. ಶಾಸ್ತ್ರೀಯ ಹೆಸರು ಡಾಲ್ಬರ್ಜಿಯಾ ನೈಗ್ರಾ, ಹುಟ್ಟೂರು ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಕಾಡು. ಕೆಂಪು ಛಾಯೆಯ ಕಂದು ನೆಲದ ಮೇಲೆ ಮಸಿ ಚೆಲ್ಲಿದಂಥ ಕಪ್ಪು ಗೆರೆಗಳು ಎಲ್ಲೆಂದರಲ್ಲಿ ಹರಿದಿರುತ್ತವೆ. ಕೊಯ್ದಾಗ ಸಿಹಿಯಾದ ಹೂವಿನ ಪರಿಮಳ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಉಳಿದುಕೊಳ್ಳುವ ನಾದ. ಅಮೆರಿಕದ ಗಿಟಾರು ತಯಾರಕ ಮಾರ್ಟಿನ್ ಕಂಪನಿ ದಶಕಗಳ ಕಾಲ ತನ್ನ ಒಳ್ಳೆಯ ಗಿಟಾರುಗಳಿಗೆ ಇದನ್ನೇ ಬಳಸಿ, 1969ರಲ್ಲಿ ಬೀಟೆಗೆ ಬದಲಾಯಿಸಿತು. ಕಾರಣ ದನಿಯಲ್ಲ, ಒಳ್ಳೆಯ ದಿಮ್ಮಿ ಸಿಗದೆ ಹೋದದ್ದು. 1992ರ ಜೂನ್ 11ರಿಂದ ಈ ಮರ, ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಅಂದರೆ ಹುಲಿಯ ಚರ್ಮಕ್ಕಿರುವಷ್ಟೇ ಕಠಿಣ ಕಟ್ಟುಪಾಡು ಈ ಹಲಗೆಗೂ ಇದೆ.

ಮಾರಾಟಗಾರರು ಹೇಳದ ಇನ್ನೊಂದು ಸಂಗತಿ ಇದೆ. ಇಂದು ಕಾನೂನುಬದ್ಧವಾಗಿ ಸಿಗುವ ಬ್ರೆಜಿಲ್ ರೋಸ್‌ವುಡ್ ಬಹಳಮಟ್ಟಿಗೆ ಹಿಂದೆ ಕಡಿದ ಮರಗಳ ಬುಡಗೊಡ್ಡಿನಿಂದ ಬಂದದ್ದು. ಬೇರಿನ ಹತ್ತಿರದ ಮರದಲ್ಲಿ ಎಳೆಗಳು ಸುತ್ತಿಕೊಂಡಿರುತ್ತವೆ. ನೋಟ ಮೋಹಕ, ಆದರೆ ಸೀಳುವುದರಲ್ಲಿ ಮುಂದು. ಜನ ಹಂಬಲಿಸುವ ಆ ಹುಚ್ಚು ಗೆರೆಗಳೇ ಅಸ್ಥಿರತೆಯ ಗುರುತು. ಹಳೆಯ ಗಿಟಾರುಗಳಿಗೆ ಮರಗೆಲಸದವರು ಆರಿಸುತ್ತಿದ್ದ ಬ್ರೆಜಿಲ್ ರೋಸ್‌ವುಡ್ ನೇರ ಎಳೆಯದು, ತಕ್ಕಮಟ್ಟಿಗೆ ಸಾದಾ. ದಾಖಲೆ ಸರಿಯಿರುವ ಹಳೆಯ ವಾದ್ಯ ಸಿಕ್ಕರೆ ಯೋಚಿಸಿ. ಹೊಸದಾಗಿ ಮಾಡಿಸಲು ನಾನಂತೂ ಶಿಫಾರಸು ಮಾಡುವುದಿಲ್ಲ.

ಅದರ ಎದುರು ಬೀಟೆ. ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ, ಪಶ್ಚಿಮ ಘಟ್ಟದ ಮರ, ಇಂಡೋನೇಷ್ಯಾದ ನೆಡುತೋಪುಗಳಲ್ಲೂ ಬೆಳೆಯುತ್ತದೆ. ಘನ ಮೀಟರಿಗೆ ಸುಮಾರು 830 ಕಿಲೋ, ತೂಕದಲ್ಲಿ ಬ್ರೆಜಿಲ್‌ನದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸ. ನೇರಳೆಗಂದು ಬಣ್ಣ, ಉದ್ದಕ್ಕೆ ಹರಿದ ನೇರ ಪಟ್ಟೆಗಳು. ಹೊಸದರಲ್ಲಿ ಕಾಣುವ ನೇರಳೆ ಬೆಳಕಿಗೆ ಕ್ರಮೇಣ ಬೆಚ್ಚನೆಯ ಕಂದಾಗುತ್ತದೆ. ‘ಸಾದಾ’ ಎಂಬ ಅಪವಾದ ಇದಕ್ಕಂಟಿದ್ದು ಎಲ್ಲ ಕಡೆ ಕಾಣುವುದರಿಂದಲೇ ಹೊರತು ಮರದ ದೋಷದಿಂದಲ್ಲ. ತಿರುಚುವುದಿಲ್ಲ, ಸುಮ್ಮನೆ ಸೀಳುವುದಿಲ್ಲ, ಸಣ್ಣ ಕಾರ್ಖಾನೆಯವನಿಗೂ ಕೈಕೊಡುವುದಿಲ್ಲ. ಮೊದಲ ಒಳ್ಳೆಯ ವಾದ್ಯ ಮಾಡಿಸುವವರಿಗೆ ಬೀಟೆಯನ್ನು ಮೀರಿದ ಬೆನ್ನು ಇಲ್ಲ ಎಂಬುದು ನನ್ನ ಅಭಿಪ್ರಾಯ. ಬ್ರೆಜಿಲ್‌ನ ಹೆಸರಿಗೆ ಕೊಡುವ ಹಣದಲ್ಲಿ ಇನ್ನೂ ನುರಿತ ತಯಾರಕನ ಕೈಯಲ್ಲಿ ಬೀಟೆಯ ವಾದ್ಯ ಮಾಡಿಸಬಹುದು, ಆ ವ್ಯತ್ಯಾಸ ಕಿವಿಗೆ ಕೇಳುತ್ತದೆ.

ಕೊಕೊಬೊಲೊ ಮಧ್ಯ ಅಮೆರಿಕದ್ದು, ಅದೇ ಡಾಲ್ಬರ್ಜಿಯಾ ಕುಲ. ಕಿತ್ತಳೆ, ಇಟ್ಟಿಗೆಗೆಂಪು, ಕಪ್ಪು ಗೆರೆ, ಇಷ್ಟನ್ನೂ ಒಂದೇ ಹಲಗೆಯಲ್ಲಿ ಇಟ್ಟುಕೊಂಡಿರುತ್ತದೆ. ಘನ ಮೀಟರಿಗೆ ಸುಮಾರು 1100 ಕಿಲೋ, ನೀರಿಗೆ ಹಾಕಿದರೆ ಮುಳುಗುತ್ತದೆ. ಮೈತುಂಬ ಎಣ್ಣೆ, ಹಾಗಾಗಿ ಅಂಟು ಹಿಡಿಯುವುದು ತ್ರಾಸ. ಅಂಟು ಹಚ್ಚುವ ಮುಂಚೆ ಅಸಿಟೋನಿನಿಂದ ಒರೆಸುವ ಪದ್ಧತಿ ಅದಕ್ಕೇ ಬಂತು. ಇದರ ಧೂಳು ಹಲವರ ಚರ್ಮಕ್ಕೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಹತ್ತಿದರೆ ಮುಂದಿನ ಬಾರಿ ಇನ್ನೂ ಜೋರಾಗಿ ಕೆರಳುತ್ತದೆ. ನೀವೇ ಮರಗೆಲಸ ಮಾಡುವವರಾದರೆ ಮುಖಗವಸು, ಕೈಗವಸು, ಧೂಳು ಎಳೆಯುವ ಯಂತ್ರ ಮೂರೂ ಇದ್ದ ಮೇಲಷ್ಟೇ ಇದಕ್ಕೆ ಕೈಹಾಕಿ. ದೊಡ್ಡ ಮೈಯ ಗಿಟಾರಿಗೆ ಇದರ ಭಾರ ಹೆಚ್ಚಾಗಬಹುದು. ಸಣ್ಣ ಮೈಗೆ ಒಪ್ಪುತ್ತದೆ.

ಜಿರಿಕೋಟೆ ಬೇರೆಯದೇ ಸ್ವಭಾವದ್ದು. ಮೆಕ್ಸಿಕೊ, ಬೆಲೀಜ್, ಗ್ವಾಟೆಮಾಲಾ ಕಡೆಯ ಕಾರ್ಡಿಯಾ ಜಾತಿ, ರೋಸ್‌ವುಡ್ ಅಲ್ಲವೇ ಅಲ್ಲ. ಬೂದುಗಂದು ನೆಲದ ಮೇಲೆ ಜೇಡರಬಲೆಯಂತೆ ಕಪ್ಪು ರೇಖೆಗಳು. ಬಿಳಿ ಹೊರಮರವನ್ನು ಅಂಚಿನಲ್ಲಿ ಉಳಿಸಿಕೊಂಡು ಎರಡು ಹಲಗೆಗಳನ್ನು ಪುಸ್ತಕ ತೆರೆದಂತೆ ಜೋಡಿಸಿದರೆ ಬೆಟ್ಟಸಾಲಿನ ಚಿತ್ರವೇ ಮೂಡುತ್ತದೆ. ಕಣ್ಣಿಗೆ ಇಷ್ಟು ಹಬ್ಬ ಕೊಡುವ ಮರ ನನಗೆ ಇನ್ನೊಂದು ಗೊತ್ತಿಲ್ಲ. ಬಿರುಕಿನ ವಿಷಯದಲ್ಲಿ ಇಷ್ಟು ಕಾಡುವುದೂ ಬೇರೊಂದಿಲ್ಲ. ಚೆನ್ನಾಗಿ ಹದವಾಗಿ ಒಣಗಿದ ಮರ, ಒಳಗಡೆ ಇನ್ನೊಂದು ತೆಳು ಪದರ ಅಂಟಿಸಿ ಗಟ್ಟಿ ಮಾಡಿದ ಪಕ್ಕಗಳು, ತೇವ ಕಾಯುವ ಪೆಟ್ಟಿಗೆ ಇವಿಷ್ಟಕ್ಕೂ ತಯಾರಿದ್ದರೆ ಮಾತ್ರ ಜಿರಿಕೋಟೆ.

ಕೋವಾ ಹವಾಯಿ ದ್ವೀಪಗಳಲ್ಲಿ ಬಿಟ್ಟರೆ ಎಲ್ಲೂ ಸಹಜವಾಗಿ ಬೆಳೆಯದ ಅಕೇಶಿಯಾ. ಪುಟ್ಟ ಗಿಟಾರಿನಂಥ ಉಕುಲೇಲೆಯ ಮರವೆಂದರೆ ಇದೇ. ಜೇನುಬಣ್ಣ, ಅಡ್ಡಡ್ಡ ಅಲೆಗಳು, ತೂಕದಲ್ಲಿ ಮಹಾಗನಿಯ ನೆರೆಮನೆ. ಬೆನ್ನಿಗಷ್ಟೇ ಅಲ್ಲದೆ ಮೇಲ್ಹಲಗೆಗೂ ಬಳಸುವ ಕೆಲವೇ ಚೆಲುವಿನ ಮರಗಳಲ್ಲಿ ಇದೊಂದು. ಮೇಲ್ಹಲಗೆಗೆ ಬಳಸಿದಾಗ ಸ್ಪ್ರೂಸಿನಷ್ಟು ದನಿ ಒಡನೆ ಹೊಮ್ಮುವುದಿಲ್ಲ, ಸ್ವಲ್ಪ ಅಡಗಿದ ನುಡಿ ಬರುತ್ತದೆ. ಉಕುಲೇಲೆಗೆ ಕೋವಾ ಎಂದರೆ ಸರಿ. ದೊಡ್ಡ ಗಿಟಾರಿಗೆ ಪೂರ್ತಿ ಕೋವಾ ಎಂದರೆ ಕಣ್ಣಿಗಾಗಿ ತೀರ್ಮಾನಿಸಿದ್ದೀರಿ ಎಂದೇ ತಿಳಿಯಿರಿ, ಅದರಲ್ಲಿ ತಪ್ಪಿಲ್ಲ.

ಮಹಾಗನಿ ಅಪರೂಪವೆಂದು ನಮಗೆ ತೋರುವುದಿಲ್ಲ. ಆದರೂ ಅಮೆರಿಕ ಖಂಡದ ಅಸಲಿ ಮಹಾಗನಿ ಸೈಟಿಸ್‌ನ ಮೊದಲಿನದಕ್ಕಿಂತ ಸಡಿಲವಾದ ಎರಡನೇ ಅನುಬಂಧದಲ್ಲಿದೆ. ಅದರಲ್ಲೊಂದು ದಂತಕಥೆಯಾದ ಮರವೂ ಇದೆ. ಬೆಲೀಜಿನ ಚಿಕಿಬುಲ್ ಕಾಡಿನಲ್ಲಿ 1965ರಲ್ಲಿ ಕಡಿದ ಒಂದೇ ಒಂದು ಮಹಾಗನಿ, ಬಿದ್ದದ್ದು ಕೊರಕಲಿಗೆ, ಎತ್ತಲಾಗದೆ ವರ್ಷಗಟ್ಟಲೆ ಅಲ್ಲೇ ಉಳಿಯಿತು. ಕೊನೆಗೆ ಹೊರತಂದು ಸೀಳಿದಾಗ ಒಳಗೆ ಆಮೆಚಿಪ್ಪಿನಂಥ ಉಬ್ಬುತಗ್ಗಿನ ವಿನ್ಯಾಸ. ಗಿಟಾರು ಲೋಕದಲ್ಲಿ ಅದನ್ನು ‘ದಿ ಟ್ರೀ’ ಎಂದೇ ಕರೆಯುತ್ತಾರೆ, ಹೆಸರಿಡುವ ಗೋಜಿಗೇ ಹೋಗಲಿಲ್ಲ. ಅದರ ಹಲಗೆ ಇಂದು ಸಿಕ್ಕರೆ ನೀವು ಕೊಳ್ಳುತ್ತಿರುವುದು ಬಹುಪಾಲು ಆ ಕಥೆಯನ್ನು.

ಮಡಗಾಸ್ಕರ್ ರೋಸ್‌ವುಡ್ ಬಗ್ಗೆ ಚುಟುಕಾಗಿ: ನೋಟದಲ್ಲಿ ಬ್ರೆಜಿಲ್‌ನದಕ್ಕೆ ಅತಿ ಹತ್ತಿರ, ಹಾಗೆಂದೇ ಒಂದು ಕಾಲದಲ್ಲಿ ಬದಲಿಯಾಗಿ ಮೆರೆಯಿತು. 2009ರ ರಾಜಕೀಯ ಗಲಭೆಯ ನಂತರ ಅಲ್ಲಿನ ಮಾಸೋಲಾ, ಮರೋಜೆಜಿ ರಾಷ್ಟ್ರೀಯ ಉದ್ಯಾನಗಳೊಳಗೇ ನುಗ್ಗಿ ಕಡಿದರು. ಬೇಡ. ಮೇಪಲ್, ವಾಲ್‌ನಟ್, ಸಪೇಲಿ, ರೊಬಿನಿಯಾ ಇವೆಲ್ಲ ಬೆನ್ನಿಗೆ ಚೆನ್ನಾಗಿ ಒದಗುತ್ತವೆ. ಅಪರೂಪದವಲ್ಲದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಬೆರಳು ಓಡಾಡುವ ಪಟ್ಟಿ

ಇಲ್ಲಿ ಚೆಂದಕ್ಕಿಂತ ಗಡಸುತನ ಮುಖ್ಯ, ತಂತಿ ಮತ್ತು ಬೆರಳು ಎರಡೂ ಸವೆಸುತ್ತವೆ. ಕರಿಮರ, ಅಂದರೆ ಎಬೊನಿ, ಶತಮಾನಗಳಿಂದ ಈ ಜಾಗ ಹಿಡಿದುಕೊಂಡಿರುವುದು ನ್ಯಾಯವೇ. ಪಿಟೀಲಿಗೆ ಮೆಟ್ಟಿಲುಗಳಿಲ್ಲ, ತಂತಿ ನೇರ ಮರಕ್ಕೇ ಒತ್ತುತ್ತದೆ, ಅಲ್ಲಿ ಎಬೊನಿಗೆ ಸಾಟಿ ಕಡಿಮೆ. ಗಿಟಾರಿನಲ್ಲಿ ತಂತಿ ಲೋಹದ ಮೆಟ್ಟಿಲಿನ ಮೇಲೆ ಕೂರುವುದರಿಂದ ಒತ್ತಡ ಹಂಚಿಕೆಯಾಗುತ್ತದೆ. ಬೀಟೆಯೂ ಧಾರಾಳ ಸಾಕು.

ಎಬೊನಿ ಎಂದರೆ ಕಾಡಿಗೆಯಂತೆ ಕಪ್ಪಗಿರಬೇಕು ಎಂಬ ನಂಬಿಕೆಗೆ ಕಾಡು ತೆತ್ತ ಬೆಲೆ ದೊಡ್ಡದು. ಕ್ಯಾಮರೂನಿನ ಎಬೊನಿ ಗಿರಣಿಯೊಂದನ್ನು 2011ರಲ್ಲಿ ಟೇಲರ್ ಗಿಟಾರ್ಸ್ ಕಂಪನಿ ಸ್ಪೇನಿನ ಪಾಲುದಾರರ ಜೊತೆ ಕೊಂಡಿತು. ಕಾಡಿನಲ್ಲಿ ಹತ್ತು ಮರ ಕಡಿದರೆ ಪೂರ್ತಿ ಕಪ್ಪು ಚೇಗು ಸಿಗುವುದು ಒಂದರಲ್ಲಿ, ಮಿಕ್ಕವನ್ನು ಅಲ್ಲೇ ಕೊಳೆಯಲು ಬಿಡುತ್ತಾರೆ ಎಂದು ಅವರಿಗೆ ಆಗ ತಿಳಿಯಿತು. ನಿಂತ ಮರದ ಒಳಬಣ್ಣ ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಅಂದಿನಿಂದ ಕಂದು, ಬೂದು ಪಟ್ಟೆಯ ಎಬೊನಿಯನ್ನೂ ಆ ಕಂಪನಿ ಬಳಸುತ್ತಿದೆ. ಗಡಸುತನದಲ್ಲಿ ಪಟ್ಟೆಯದಕ್ಕೂ ಕಪ್ಪಿನದಕ್ಕೂ ಭೇದವಿಲ್ಲ. ನನ್ನ ಕಣ್ಣಿಗಂತೂ ಬೂದು ಮೋಡ ಹಾದ ಪಟ್ಟೆಯದೇ ಹೆಚ್ಚು ಚೆಂದ. ಕಪ್ಪು ಏಕಬಣ್ಣದಲ್ಲಿ ಮರವೆಂಬುದೇ ಮರೆತುಹೋಗುತ್ತದೆ.

ಅಗ್ಗದ ‘ಕಪ್ಪು ಎಬೊನಿ’ ಬಣ್ಣ ಹಚ್ಚಿದ ಬೇರೆ ಮರವಾಗಿರಬಹುದು. ಬಿಳಿ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಪಟ್ಟಿಯ ತುದಿಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಅನುಮಾನಿಸಿ. ಆದರೆ ಅಸಲಿ ಎಬೊನಿಗೂ ಏಕರೂಪ ಬರಲಿ ಎಂದು ಬಣ್ಣ ಕೊಡುವುದುಂಟು, ಆದ್ದರಿಂದ ತಯಾರಕನನ್ನು ನೇರ ಕೇಳುವುದು ಒಳ್ಳೆಯದು.

ಬದಲಿಗಳ ಪೈಕಿ ಪಾವ್ ಫೆರೊ ದಕ್ಷಿಣ ಅಮೆರಿಕದ್ದು. ಡಾಲ್ಬರ್ಜಿಯಾ ಕುಲಕ್ಕೆ ನಿರ್ಬಂಧ ಬಂದ 2017ರಲ್ಲಿ ಫೆಂಡರ್ ಕಂಪನಿ ತನ್ನ ಹಲವು ಗಿಟಾರುಗಳಿಗೆ ಇದನ್ನೇ ಹಾಕತೊಡಗಿತು. ರೋಸ್‌ವುಡ್‌ಗಿಂತ ತಿಳಿ ಬಣ್ಣ, ಗಡಸು, ಹೊಳಪು ಚೆನ್ನಾಗಿ ಬರುತ್ತದೆ. ಧೂಳಿನ ಕಾಟ ಇದಕ್ಕೂ ಇದೆ. ರಿಚ್‌ಲೈಟ್ ಎಂಬುದು ಕಾಗದದ ಪದರಗಳಿಗೆ ರಾಳ ಹೀರಿಸಿ ಒತ್ತಿ ಮಾಡಿದ ಹಲಗೆ. ಹವೆ ಬದಲಾದರೂ ಅಲುಗುವುದಿಲ್ಲ, ಕಪ್ಪಗೂ ಇರುತ್ತದೆ. ಕೈಗೆ ಚೂರು ತಣ್ಣಗೆ, ಹೆಚ್ಚು ನಯ ಅನ್ನಿಸುತ್ತದೆ. ಕೆಲವರಿಗೆ ಅದು ಒಗ್ಗುವುದಿಲ್ಲ, ಆ ಅಸಮಾಧಾನಕ್ಕೆ ಕಾರಣ ಕೇಳಬೇಕಿಲ್ಲ.

ಕಮಾನು: ಅಪರೂಪದ ಮರ ನಿಜಕ್ಕೂ ದುಡಿಯುವ ಜಾಗ

ಪಿಟೀಲಿನ ಕಮಾನಿಗೆ ಬ್ರೆಜಿಲ್‌ನ ಪರ್ನಂಬುಕೊ ಮರ. ಅದರ ಇನ್ನೊಂದು ಹೆಸರು ಬ್ರೆಜಿಲ್‌ವುಡ್, ದೇಶಕ್ಕೆ ಹೆಸರು ಬಂದದ್ದೂ ಈ ಮರದಿಂದಲೇ. ಯುರೋಪಿಗೆ ಅದು ಮೊದಲು ಹೋದದ್ದು ಬಟ್ಟೆಗೆ ಕೆಂಪು ಬಣ್ಣ ತೆಗೆಯಲು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸಿನ ಫ್ರಾಂಸ್ವಾ ತೂರ್ತ್ ಕಮಾನಿಗೆ ಈಗಿನ ರೂಪ ಕೊಟ್ಟಾಗ ಆರಿಸಿಕೊಂಡದ್ದು ಇದನ್ನು. ಕಾರಣ ಅಂದವಲ್ಲ. ಬೆಂಕಿಯ ಕಾವಿನಲ್ಲಿ ಒಳಬಾಗು ಕೊಟ್ಟರೆ ಅದನ್ನು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ತೆಳ್ಳಗೆ ಕೆತ್ತಿದರೂ ಗಡಸು, ಬಗ್ಗಿಸಿ ಬಿಟ್ಟರೆ ಪುಟಿದೇಳುತ್ತದೆ, ಕಂಪನವನ್ನು ತಾನೇ ನುಂಗಿ ಹಾಕುವುದಿಲ್ಲ. ಈ ನಾಲ್ಕೂ ಗುಣ ಒಟ್ಟಿಗಿರುವ ಮರ ಇನ್ನೊಂದು ಸುಲಭಕ್ಕೆ ಸಿಗುವುದಿಲ್ಲ. ಬೆನ್ನಿನ ಹಲಗೆಗೆ ಹಣ ಸುರಿಯುವ ಮೊದಲು ಕಮಾನಿನ ಬಗ್ಗೆ ಯೋಚಿಸಿ ಎನ್ನುವುದು ಅದಕ್ಕೇ. ಇಲ್ಲಿ ಮರದ ವ್ಯತ್ಯಾಸ ಕೈಗೆ ತಕ್ಷಣ ತಿಳಿಯುತ್ತದೆ.

ಅದಕ್ಕೆ ಮುಂಚಿನ, ಯುರೋಪಿನ ಬರೋಕ್ ಸಂಗೀತದ ಕಾಲದ ಕಮಾನುಗಳಲ್ಲಿ ಸ್ನೇಕ್‌ವುಡ್ ಹೆಚ್ಚು. ಸುರಿನಾಮ್, ಗಯಾನಾ ಕಡೆಯದು, ಹಾವಿನ ಮೈಯ ಮಚ್ಚೆಗಳು, ಅತಿ ಭಾರ. ಹಳೆಯ ಶೈಲಿಯ ಚಿಕ್ಕ ಕಮಾನಿಗೆ ಇಂದಿಗೂ ಅದೇ ಸರಿ, ಇಂದಿನ ಉದ್ದ ಕಮಾನಿಗೆ ತೂಕ ಹೆಚ್ಚಾಗುತ್ತದೆ. ಪರ್ನಂಬುಕೊ 2007ರಿಂದ ಸೈಟಿಸ್ ಪಟ್ಟಿಯಲ್ಲಿದೆ. ಕಲಿಯುವವರು ಮತ್ತು ಊರೂರು ತಿರುಗುವ ವಾದಕರು ಒಳ್ಳೆಯ ಕಾರ್ಬನ್ ನಾರಿನ ಕಮಾನು ಕೊಂಡರೆ ಸಾಧಾರಣ ಪರ್ನಂಬುಕೊಗಿಂತ ಹೆಚ್ಚು ಸುಖಪಡುತ್ತಾರೆ. ಉತ್ತಮ ಪರ್ನಂಬುಕೊ ಮತ್ತು ಉತ್ತಮ ಕಾರ್ಬನ್ ಪಕ್ಕಪಕ್ಕ ಇಟ್ಟರೆ ನಾನು ಈಗಲೂ ಮರದ ಕಡೆಗೇ.

ಮರವೇ ಹಾಡುವ ವಾದ್ಯಗಳು

ಮರಿಂಬಾ, ಕ್ಸೈಲೋಫೋನ್‌ಗಳಲ್ಲಿ ತಂತಿಯಿಲ್ಲ, ಗಾಳಿಯಿಲ್ಲ. ಪಟ್ಟಿಯ ಕೆಳಗಡೆ ಕಮಾನಾಕಾರಕ್ಕೆ ಕೆತ್ತಿ ಶ್ರುತಿ ಮಾಡುತ್ತಾರೆ. ಮರಿಂಬಾದಲ್ಲಿ ಮೂಲಸ್ವರದ ನಾಲ್ಕರಷ್ಟು ಕಂಪನಕ್ಕೆ ಮೊದಲ ಮೇಲ್ಸ್ವರ ಕೂರುವಂತೆ, ಕ್ಸೈಲೋಫೋನಿನಲ್ಲಿ ಮೂರರಷ್ಟಕ್ಕೆ. ಇಲ್ಲಿ ಮರ ಕಂಪನವನ್ನು ಎಷ್ಟು ಹೊತ್ತು ಉಳಿಸಿಕೊಳ್ಳುತ್ತದೆ ಎಂಬುದೇ ವಾದ್ಯದ ಗುಣ. ಬೆಲೀಜ್, ಗ್ವಾಟೆಮಾಲಾ ಕಡೆಯ ಹೊಂಡುರಾಸ್ ರೋಸ್‌ವುಡ್ ಇದರಲ್ಲಿ ಅಗ್ರಸ್ಥಾನದಲ್ಲಿದೆ. ಎರಡನೆಯದು ಆಫ್ರಿಕಾದ ಪಡೂಕ್. ಕೊಯ್ದಾಗ ಕಣ್ಣು ಕುಕ್ಕುವ ಕೆಂಪು, ಬೆಲೆ ಕಡಿಮೆ, ನಾದ ಸ್ವಲ್ಪ ಬೇಗ ಆರುತ್ತದೆ. ವೇದಿಕೆಯ ವಾದ್ಯಕ್ಕೆ ರೋಸ್‌ವುಡ್, ಅಭ್ಯಾಸಕ್ಕೆ ಪಡೂಕ್ ಎಂಬ ವಿಂಗಡಣೆಯನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ಗಿಟಾರಿನ ಬೆನ್ನಿನ ಬಗ್ಗೆ ಆಡಿದ ಅನುಮಾನದ ಮಾತು ಯಾವುದೂ ಇಲ್ಲಿಗೆ ಅನ್ವಯಿಸುವುದಿಲ್ಲ.

ಊದುವ ವಾದ್ಯ

ಕ್ಲಾರಿನೆಟ್, ಓಬೋ, ಬ್ಯಾಗ್‌ಪೈಪ್‌ಗಳ ಕಪ್ಪು ಮರ ಎಬೊನಿಯಲ್ಲ, ಆಫ್ರಿಕನ್ ಬ್ಲ್ಯಾಕ್‌ವುಡ್. ಅದೂ ಡಾಲ್ಬರ್ಜಿಯಾ, ಅಂದರೆ ಬೀಟೆಯ ದಾಯಾದಿ. ಟಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಇದನ್ನು ‘ಎಂಪಿಂಗೊ’ ಎನ್ನುತ್ತಾರೆ. ಘನ ಮೀಟರಿಗೆ 1270 ಕಿಲೋ ಆಸುಪಾಸು. ಮರ ಚಿಕ್ಕದು, ಸೊಟ್ಟ, ಬೆಳವಣಿಗೆ ತೀರ ನಿಧಾನ, ವಾದ್ಯಕ್ಕೆ ಒದಗುವ ಗಂಟಿಲ್ಲದ ತುಂಡು ಒಂದು ಮರದಲ್ಲಿ ಸ್ವಲ್ಪವೇ.

ಊದುವ ವಾದ್ಯದಲ್ಲಿ ಕಂಪಿಸುವುದು ಒಳಗಿನ ಗಾಳಿ. 1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬ ಭೌತವಿಜ್ಞಾನಿ ಬೆಳ್ಳಿ, ತಾಮ್ರ, ಮರಗಳಲ್ಲಿ ಒಂದೇ ಅಳತೆಯ ಕೊಳಲುಗಳನ್ನು ಮಾಡಿ ಕೇಳಿಸಿದಾಗ ಕೇಳುಗರಿಗೆ ಭೇದ ಗುರುತಿಸಲಾಗಲಿಲ್ಲ. ಹಾಗಾದರೆ ಬ್ಲ್ಯಾಕ್‌ವುಡ್ ಯಾಕೆ? ಒಳಕೊಳವೆಯ ಅಳತೆಯನ್ನು ಅದು ಕಾಯುತ್ತದೆ. ಉಸಿರಿನ ತೇವ ಹೀರಿ ಉಬ್ಬುವುದು ಕಡಿಮೆ, ಕಡೆದ ರಂಧ್ರದ ಅಂಚು ಚೂಪಾಗಿ ನಿಲ್ಲುತ್ತದೆ, ಒಳಮೈ ಗಾಜಿನಷ್ಟು ನಯವಾಗುತ್ತದೆ. ಹಿಂದೆ ಇದೇ ಕೆಲಸಕ್ಕಿದ್ದ ಬಾಕ್ಸ್‌ವುಡ್ ಹಳದಿ ಚೆಲುವಿನ ಮರ, ಆದರೆ ತೇವಕ್ಕೆ ತಿರುಚಿಕೊಳ್ಳುವ ಚಾಳಿ ಅದಕ್ಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಬ್ಲ್ಯಾಕ್‌ವುಡ್ ಅದನ್ನು ಹಿಂದಿಕ್ಕಿತು. ಇಂದು ಬಾಕ್ಸ್‌ವುಡ್ ಮತ್ತು ಕೊಕೊಬೊಲೊಗಳಲ್ಲೂ ಕ್ಲಾರಿನೆಟ್ ಮಾಡಿಕೊಡುವವರಿದ್ದಾರೆ. ಬಣ್ಣ ಬೇಕೆಂದರೆ ತೆಗೆದುಕೊಳ್ಳಿ, ಹೊಸದರಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಊದಿ ಪಳಗಿಸಿ. ಚಳಿ, ಬಿಸಿಲಿನಲ್ಲಿ ಬಯಲು ಮೆರವಣಿಗೆಗೆ ನುಡಿಸುವವರಿಗೆ ಬ್ಲ್ಯಾಕ್‌ವುಡ್ ಪುಡಿ, ಕಾರ್ಬನ್ ನಾರು, ರಾಳ ಬೆರೆಸಿ ಅಚ್ಚು ಹಾಕಿದ, ಫ್ರಾನ್ಸಿನ ವಾದ್ಯ ತಯಾರಕ ಬುಫೆ ಕ್ರಾಂಪೋನ್‌ನ ಗ್ರೀನ್‌ಲೈನ್ ಬಗೆಯದೇ ಮೇಲು. ಹವೆ ಬದಲಾದರೆ ಅದು ಮರದಂತೆ ಬಿರುಕು ಬಿಡುವುದಿಲ್ಲ.

ಇನ್ನು ವಿದ್ಯುತ್ ಗಿಟಾರು. ಅಲ್ಲಿ ಮೈಯ ಮರ ತೂಕಕ್ಕೆ ಮತ್ತು ನೋಟಕ್ಕೆ. ನಿಮಗಿಷ್ಟವಾದದ್ದನ್ನು ಆರಿಸಿ, ಭುಜ ನೋಯದಿದ್ದರೆ ಸಾಕು.

ಆ ಅಲೆಗಳು ಎಲ್ಲಿಂದ ಬರುತ್ತವೆ

ಮೇಪಲ್, ಕೋವಾಗಳಲ್ಲಿ ಕಾಣುವ ಅಡ್ಡ ಅಲೆ ಬಣ್ಣದ್ದಲ್ಲ. ಮರದ ನಾರುಗಳು ನೇರವಾಗಿ ಏರದೆ ಹಾವಿನಂತೆ ಹೊರಳುತ್ತ ಏರಿರುತ್ತವೆ. ಹಲಗೆ ಸೀಳಿದಾಗ ಒಂದು ಕಡೆ ನಾರಿನ ಪಕ್ಕ, ಇನ್ನೊಂದು ಕಡೆ ನಾರಿನ ತುದಿ ಮೇಲೆ ಬರುತ್ತದೆ. ಪಕ್ಕ ಬೆಳಕನ್ನು ಮರಳಿಸುತ್ತದೆ, ತುದಿ ಹೀರುತ್ತದೆ. ವಾದ್ಯ ತಿರುಗಿಸಿದಾಗ ಹೊಳೆವ ಪಟ್ಟೆ ಮಂಕಾಗಿ, ಮಂಕು ಹೊಳೆಯುವುದು ಇದರಿಂದ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ದೊಡ್ಡೆಲೆ ಮೇಪಲ್‌ನಲ್ಲಿ ಅಲೆಗಳು ಗುಳ್ಳೆಗಟ್ಟಿದಂತೆ ಹಬ್ಬಿ ರಜಾಯಿಯ ವಿನ್ಯಾಸವಾಗುತ್ತವೆ. ಸಕ್ಕರೆ ಮೇಪಲ್‌ನಲ್ಲಿ ಹಕ್ಕಿಯ ಕಣ್ಣಿನಂಥ ಚುಕ್ಕೆಗಳು.

ಹೊರಳಿದ ನಾರಿನ ಹಲಗೆ ಉದ್ದಕ್ಕೆ ಸ್ವಲ್ಪ ಮೆತ್ತಗಾಗುತ್ತದೆ, ಕೀಸುವಾಗ ಕಿತ್ತು ಬರುತ್ತದೆ, ಪಕ್ಕಕ್ಕೆ ಬಗ್ಗಿಸುವಾಗ ಮುರಿಯುತ್ತದೆ. ಅಲೆ ಹೆಚ್ಚಿದಷ್ಟೂ ತಯಾರಕನಿಗೆ ಕೆಲಸ ಹೆಚ್ಚು. ಬೆಲೆ ಏರುವುದರಲ್ಲಿ ಈ ಶ್ರಮದ ಪಾಲೂ ಇದೆ. ಇಂಥ ಚಿತ್ತಾರವನ್ನು ಬೆನ್ನಿಗೆ ಇಟ್ಟುಕೊಳ್ಳಿ, ಗಿಟಾರಿನ ಕುತ್ತಿಗೆಗೆ ನೇರ ಎಳೆಯ ಸಾದಾ ಮರ ಸಾಕು. ಅಲೆಯೆದ್ದ ಕುತ್ತಿಗೆಯ ಚೆಲುವಿಗೆ ಮರುಳಾಗಿ ಅದು ತಿರುಚಿದ ಮೇಲೆ ಪರದಾಡುವುದು ಬೇಡ.

ಬಣ್ಣ ನಿಲ್ಲುತ್ತದೆಂದು ನಂಬಿ ಕೊಳ್ಳಬೇಡಿ. ಪಡೂಕ್‌ನ ಕೆಂಪು, ಪರ್ಪಲ್‌ಹಾರ್ಟ್‌ನ ನೇರಳೆ, ಕೊಕೊಬೊಲೊದ ಕಿತ್ತಳೆ ಎಲ್ಲವೂ ಬೆಳಕಿಗೆ ಕಂದಿನ ಕಡೆಗೇ ನಡೆಯುತ್ತವೆ. ಅಂಗಡಿಯಲ್ಲಿ ಹೊಸ ಹಲಗೆಯ ಬಣ್ಣ ನೋಡಿದ ಮೇಲೆ ಅದೇ ಮರದ ಹಳೆಯ ವಾದ್ಯವೊಂದನ್ನೂ ನೋಡಿ, ನಿಮ್ಮ ಜೊತೆ ಹೆಚ್ಚು ಕಾಲ ಬದುಕುವುದು ಆ ಎರಡನೇ ಬಣ್ಣ. ಗೆರೆಗಳ ಚಿತ್ತಾರ ಮಾತ್ರ ಉಳಿಯುತ್ತದೆ. ಆದ್ದರಿಂದ ಬಣ್ಣಕ್ಕಿಂತ ಗೆರೆ ನೋಡಿ ಆರಿಸುವುದು ಜಾಣತನ.

ಕಾಗದಪತ್ರ

2017ರ ಜನವರಿ 2ರಿಂದ, ಆಗಲೇ ಮೊದಲ ಅನುಬಂಧದಲ್ಲಿದ್ದ ಬ್ರೆಜಿಲ್‌ನದನ್ನು ಬಿಟ್ಟು, ಡಾಲ್ಬರ್ಜಿಯಾ ಕುಲದ ಅಷ್ಟೂ ಮರಗಳು ಸೈಟಿಸ್‌ನ ಎರಡನೇ ಅನುಬಂಧಕ್ಕೆ ಸೇರಿದವು. ಒಂದು ಗಿಟಾರನ್ನು ಹೊರದೇಶಕ್ಕೆ ಮಾರಲೂ ಅನುಮತಿಪತ್ರ ಬೇಕಾಗಿ ವಾದ್ಯಲೋಕ ಹೈರಾಣಾಯಿತು. 2019ರ ಜಿನೀವಾ ಸಭೆಯ ನಂತರ, ಆ ವರ್ಷದ ನವೆಂಬರ್ 26ರಿಂದ, ಪೂರ್ತಿಯಾಗಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ರೋಸ್‌ವುಡ್‌ಗೆ ಈ ವಿನಾಯಿತಿ ಇಲ್ಲ. ಅದರ ಚೂರು ತಂತಿ ಕೂರುವ ಕುದುರೆಯಲ್ಲಿದ್ದರೂ ಗಡಿ ದಾಟಿಸುವಾಗ 1992ಕ್ಕೆ ಮುಂಚಿನದೆಂಬ ಪ್ರಮಾಣಪತ್ರ ಬೇಕು. ವಾದ್ಯವಾಗದ ಹಲಗೆ, ದಿಮ್ಮಿಗಳಿಗೂ ವಿನಾಯಿತಿ ಅನ್ವಯಿಸುವುದಿಲ್ಲ, ಅದು ಬೀಟೆಯಾದರೂ ಅಷ್ಟೇ. ಆಫ್ರಿಕಾದ ಪಡೂಕ್ ಜಾತಿಗಳು 2022ರ ಪನಾಮಾ ಸಭೆಯಲ್ಲಿ ಎರಡನೇ ಅನುಬಂಧಕ್ಕೆ ಬಂದವು.

ಇದು ಬರಿಯ ಕಾಗದದ ತಕರಾರೆಂದು ತಳ್ಳಿಹಾಕುವವರು ಗಿಟಾರು ತಯಾರಿಸುವ ಗಿಬ್ಸನ್ ಕಂಪನಿಯ ಪ್ರಕರಣ ನೆನೆಯಬಹುದು. ಅಕ್ರಮವಾಗಿ ಕಡಿದ ಮರದ ವ್ಯಾಪಾರವನ್ನು ತಡೆಯುವ ಅಮೆರಿಕದ ಲೇಸಿ ಕಾಯ್ದೆಯಡಿ 2009 ಮತ್ತು 2011ರಲ್ಲಿ ಆ ಕಂಪನಿಯ ಮೇಲೆ ದಾಳಿ ನಡೆಯಿತು. ಮಡಗಾಸ್ಕರಿನ ಎಬೊನಿ ಕುರಿತ ಆರೋಪ ಒಪ್ಪಂದದಲ್ಲಿ ಮುಗಿದು 2012ರಲ್ಲಿ 3 ಲಕ್ಷ ಡಾಲರ್ ದಂಡ ಕಟ್ಟಬೇಕಾಯಿತು.

ಕೊಳ್ಳುವಾಗ ರಸೀದಿಯಲ್ಲಿ ‘ರೋಸ್‌ವುಡ್’ ಎಂದಷ್ಟೇ ಬರೆಸಿಕೊಳ್ಳಬೇಡಿ. ವ್ಯಾಪಾರದ ಹೆಸರುಗಳಿಗೆ ಲಗಾಮಿಲ್ಲ, ರೋಸ್‌ವುಡ್ ಅಲ್ಲದ ಹತ್ತಾರು ಮರಗಳಿಗೆ ಆ ಹೆಸರು ಅಂಟಿಸಿದ್ದಾರೆ. ಶಾಸ್ತ್ರೀಯ ಹೆಸರು, ಯಾವ ದೇಶದ್ದು, ಯಾವ ವರ್ಷ ತಂದದ್ದು ಇಷ್ಟಿರಲಿ. ವಾದ್ಯ ಮಾರುವ ದಿನ ಬಂದಾಗ ಈ ಚೀಟಿಯೇ ಬೆಲೆ ಹಿಡಿಯುತ್ತದೆ.

ಹಲಗೆ ಕೈಯಲ್ಲಿದ್ದಾಗ

ತುದಿಯನ್ನು ಮೊದಲು ನೋಡಿ, ಮುಖವನ್ನಲ್ಲ. ವಾರ್ಷಿಕ ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ಲಂಬವಾಗಿದ್ದರೆ ಅದು ಕಾಲುಸೀಳಿನ ಹಲಗೆ, ಸ್ಥಿರ. ಉಂಗುರದ ಸುತ್ತಿನ ದಿಕ್ಕಿನಲ್ಲಿ ಮರ ಕುಗ್ಗುವುದು ತಿರುಳಿನಿಂದ ಹೊರಗಿನ ದಿಕ್ಕಿಗಿಂತ ಸುಮಾರು ಎರಡರಷ್ಟು. ಉಂಗುರದ ಗೆರೆಗಳು ಮುಖಕ್ಕೆ ಸಮಾನಾಂತರವಾಗಿ ಮಲಗಿರುವ ಚಪ್ಪಟೆಸೀಳಿನ ಹಲಗೆಯಲ್ಲಿ ಚಿತ್ತಾರ ಅಗಲವಾಗಿ ಅರಳುತ್ತದೆ, ಬಾಗುವ ಅಪಾಯವೂ ಬೆಳೆಯುತ್ತದೆ. ಬ್ರೆಜಿಲ್ ರೋಸ್‌ವುಡ್, ಜಿರಿಕೋಟೆಗಳ ಅತಿ ಸುಂದರ ಹಲಗೆಗಳು ಹೆಚ್ಚಾಗಿ ಚಪ್ಪಟೆಸೀಳಿನವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆಮೇಲೆ ಮುಖಕ್ಕೆ ಸ್ವಲ್ಪ ಸ್ಪಿರಿಟ್ ಸವರಿ. ಮೆರುಗು ಕೊಟ್ಟ ಮೇಲೆ ಬರುವ ಬಣ್ಣ ಒಂದರೆಗಳಿಗೆ ಕಾಣುತ್ತದೆ. ಸ್ಪಿರಿಟ್ ಆರುವಾಗ ಕೂದಲೆಳೆಯ ಬಿರುಕುಗಳಿದ್ದಲ್ಲಿ ತೇವ ಇನ್ನೂ ನಿಂತಿರುತ್ತದೆ, ಆ ಗೆರೆಗಳನ್ನು ಗುರುತು ಮಾಡಿಕೊಳ್ಳಿ. ಮೂಲೆಯಿಂದ ಕಾಲು ಉದ್ದದಲ್ಲಿ ಎರಡು ಬೆರಳಲ್ಲಿ ಹಿಡಿದು ನಡುವೆ ತಟ್ಟಿ. ನಾದ ಉಳಿದರೆ ಸಂತೋಷ, ಉಳಿಯದಿದ್ದರೆ ಬೆನ್ನಿಗೆ ಅದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ಮರಿಂಬಾ ಪಟ್ಟಿಗಾದರೆ ಬಿಟ್ಟುಬಿಡಿ. ಒಣಗಿಸಿ ಎಷ್ಟು ಕಾಲವಾಯಿತೆಂದು ಕೇಳಿ. ಎಣ್ಣೆಯಂಶದ ಭಾರದ ಮರಗಳು ಒಣಗಲು ವರ್ಷಗಳನ್ನೇ ತೆಗೆದುಕೊಳ್ಳುತ್ತವೆ, ಅವಸರದಲ್ಲಿ ಕೊಂಡ ಕೊಕೊಬೊಲೊವನ್ನು ಒಣಗಲು ಪೇರಿಸಿಟ್ಟು ಕಾಯುವುದೇ ಒಳಿತು.

ವಾದ್ಯ ಮನೆಗೆ ಬಂದ ಮೇಲೆ ಸುತ್ತಲ ಗಾಳಿಯ ತೇವ ಶೇಕಡಾ 45ರಿಂದ 50ರ ನಡುವೆ ಇರುವಂತೆ ನೋಡಿಕೊಂಡರೆ ಮರ ಯಾವುದಾದರೂ ಬಾಳುತ್ತದೆ. ಪೆಟ್ಟಿಗೆಯೊಳಗೆ ಒಂದು ಸಣ್ಣ ತೇವಮಾಪಕ ಇಟ್ಟುಬಿಡಿ. ಜಿರಿಕೋಟೆ ಆರಿಸಿದವರು ಎರಡು ಇಟ್ಟುಕೊಳ್ಳಲಿ, ಒಂದು ತಪ್ಪು ತೋರಿಸಿದರೆ ಇನ್ನೊಂದಾದರೂ ಎಚ್ಚರಿಸಲಿ.